ಗಾಡಿ ಹೊಡೆಯಲು ಬೇಕಾದಷ್ಟು ಇಂಗ್ಲಿಷ್

ನನಗೆ ಬರುವ ಇಂಗ್ಲಿಷ್ ಎಲ್ಲ ರಸ್ತೆಯ ಮೇಲಿನದು. ಶಾಲೆಯ ಮೆಟ್ಟಿಲು ಹತ್ತಿದ್ದು ವೋಟು ಹಾಕುವುದಕ್ಕೆ ಮಾತ್ರ. ಕನ್ನಡದ ಅಕ್ಷರ ಕಲಿತದ್ದೇ ತಲೆ ನರೆತ ಮೇಲೆ. ಒತ್ತಕ್ಷರ ಬಂದರೆ ಈಗಲೂ ನಿಂತು ಯೋಚಿಸಿ ಬರೆಯಬೇಕು. ಆದರೆ ಲೆಫ್ಟು, ರೈಟು, ಸ್ಟ್ರೇಟು, ಟರ್ನು, ರಿವರ್ಸು, ಡ್ರೈವು, ಲೀಡು, ಗೈಡು, ರೈಡು, ಸ್ಟೀರು, ಟ್ರಿಪ್ಪು, ಇವಿಷ್ಟೂ ಇಪ್ಪತ್ತೈದು ತುಂಬುವ ಮೊದಲೇ ನನಗೆ ಬರುತ್ತಿದ್ದವು. ಕೇಳಿದವರಿಗೆ ಅರ್ಥವನ್ನೂ ಹೇಳುತ್ತಿದ್ದೆ. ಕೇಳದವರಿಗೂ ಹೇಳುತ್ತಿದ್ದೆ.

ನಮ್ಮದು ಸಾರಕ್ಕಿ. ಸ್ವಾತಂತ್ರ್ಯ ಬಂದು ಹತ್ತು ವರ್ಷ ಆಗಿತ್ತೋ ಏನೋ, ಆಗ ಅದು ಊರು. ಕೆರೆ, ರಾಗಿ ಹೊಲ, ಹುಲ್ಲಿನ ಬಣವೆ. ಬಡಗಣ ದಿಕ್ಕಿಗೆ ನಿಂತು ನೋಡಿದರೆ ಜಯನಗರ ಏಳುತ್ತಿತ್ತು. ಅಲ್ಲಿ ಏಳುವ ಮನೆಗಳಿಗೆ ಕಲ್ಲು, ಇಟ್ಟಿಗೆ, ಸುಣ್ಣ, ಮರಳು ಎಲ್ಲ ಹೋಗುತ್ತಿದ್ದದ್ದು ನಮ್ಮಂಥವರ ಎತ್ತಿನ ಗಾಡಿಗಳಲ್ಲಿ. ಲಾರಿ ಇರಲಿಲ್ಲವೆಂದಲ್ಲ. ಅರ್ಧ ಹಾಕಿಬಿಟ್ಟ ರಸ್ತೆಯಲ್ಲಿ ಮಳೆ ಬಂದರೆ ಲಾರಿ ಹೂತುಕೊಳ್ಳುತ್ತಿತ್ತು. ಗಾಡಿ ಹೂತರೆ ನಾಲ್ಕು ಜನ ಭುಜ ಕೊಟ್ಟು ಎತ್ತಬಹುದು.

ನನ್ನ ಗಂಡ ಕಲ್ಲು ಇಳಿಸುವಾಗ ಒಂದು ದಪ್ಪ ಕಲ್ಲು ಅವನ ಬಲಗಾಲಿನ ಮೇಲೆ ಬಿತ್ತು. ಪಾದ ಜಜ್ಜಿಹೋಯಿತು. ನಾಟಿ ವೈದ್ಯ ಬಿದಿರು ಕಟ್ಟಿ ಕೂರಿಸಿದ, ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಗಾಡಿ ಹೊಡೆಯುವವನು ಬರೀ ಕೂತರೆ ಆಗುವುದಿಲ್ಲ. ಇಳಿಜಾರಿನಲ್ಲಿ ಕೆಳಗೆ ಹಾರಿ ಚಕ್ರ ಹಿಡಿಯಬೇಕು, ಏರಿನಲ್ಲಿ ನೂಕಬೇಕು. ಅವನಿಗೆ ಅದು ಇನ್ನು ಆಗದು ಎಂದು ಅವನಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಅವನ ತಮ್ಮನಿಗೆ ನಮ್ಮಿಬ್ಬರಿಗಿಂತ ಮೊದಲೇ ಗೊತ್ತಾಗಿತ್ತು.

ಈ ಮೈದುನ ಬೇರೆ ಮನೆ ಮಾಡಿಕೊಂಡು ಅದೇ ಬೀದಿಯಲ್ಲಿದ್ದ. ಕೈಯಲ್ಲಿ ಕೆಲಸ ನಿಲ್ಲುತ್ತಿರಲಿಲ್ಲ, ಬಾಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಅಣ್ಣ ಮಲಗಿದ ಎಂಟನೆಯ ದಿನ ಬಂದು ಹೊಸ್ತಿಲ ಮೇಲೆ ಕೂತ.

“ಅತ್ತಿಗೆ, ಗಾಡಿ, ಎತ್ತು ನಮ್ಮನೆ ಕೊಟ್ಟಿಗೆಗೆ ಹೊಡ್ಕೊಂಡ್ ಹೋಗ್ತೀನಿ. ನಾನೇ ಮಾಲು ಹೊಡೀತೀನಿ. ನಿಮ್ಗೆ ಊಟಕ್ಕೇನು ಕಮ್ಮಿ ಮಾಡಲ್ಲ.”

“ನಾನೇನ್ ಮಾಡ್ಲಿ?” ಎಂದೆ.

“ಜಯನಗರದಲ್ಲಿ ಮಣ್ಣು ಹೊರೋ ಕೆಲ್ಸ ಬೇಕಾದಷ್ಟಿದೆ. ಮಂಕರಿ ಹಿಡ್ಕೊಂಡು ಹೋಗು.”

ಅಂದರೆ ನನ್ನ ಮನೆಯ ಎತ್ತು ಇವನ ಕೊಟ್ಟಿಗೆಯಲ್ಲಿ, ನಾನು ಮಂಕರಿ ಹೊತ್ತುಕೊಂಡು ಬಿಸಿಲಲ್ಲಿ. ನನಗೆ ತವರಿನಲ್ಲಿ ಅಣ್ಣತಮ್ಮಂದಿರಿರಲಿಲ್ಲ. ಎತ್ತನ್ನು ನೀರಿಗೆ ಹೊಡೆಯುವುದು, ಗೊಬ್ಬರದ ಗಾಡಿ ಹೊಲಕ್ಕೆ ಒಯ್ಯುವುದು ನಾನೇ ಮಾಡಿದ್ದೆ. ಗಂಡನ ಊರಿನಲ್ಲಿ ಹೆಂಗಸು ನೊಗ ಮುಟ್ಟುವ ಹಾಗಿರಲಿಲ್ಲ, ಗಾಡಿಯಲ್ಲಿ ಕೂತರೆ ಹಿಂದುಗಡೆ, ಬಂದ ದಾರಿ ನೋಡಿಕೊಂಡು ಕೂರಬೇಕು. ಹತ್ತು ವರ್ಷ ಹಾಗೇ ಕೂತಿದ್ದೆ. ಮಾರನೆಯ ಬೆಳಿಗ್ಗೆ ನಾನೇ ನೊಗ ಎತ್ತಿ ಎತ್ತು ಕಟ್ಟಿದೆ. ಮೂಕಿಯ ಮೇಲೆ, ಅಂದರೆ ಗಾಡಿಯ ಮುಂದಿನ ಮರದ ಮೇಲೆ, ಮುಂದಕ್ಕೆ ಮುಖ ಮಾಡಿ ಕೂತೆ. ಬೀದಿಯಲ್ಲಿ ಮೂವರು ಮುದುಕಿಯರು ಬಾಯಿಗೆ ಸೆರಗು ಹಿಡಿದರು. ಸೆರಗು ಅವರದು, ಬಾಯಿ ಅವರದು.

ಕಷ್ಟ ಕೊಟ್ಟದ್ದು ಎತ್ತಲ್ಲ, ಜಯನಗರ. ನಮ್ಮ ಕಡೆ ದಾರಿ ಹೇಳುವುದು ಮರದಿಂದ, ಬಾವಿಯಿಂದ, ಯಾರದೋ ಹಿತ್ತಲಿನಿಂದ. ಅಲ್ಲಿ ಎಲ್ಲ ರಸ್ತೆಯೂ ಒಂದೇ ಥರ, ಹಣಿಗೆಯಲ್ಲಿ ಬಾಚಿದ ಹಾಗೆ. ಮೊದಲ ದಿನ ಒಂದು ಗೊಬ್ಬಳಿ ಮರ ಗುರುತಿಟ್ಟುಕೊಂಡು ಎರಡು ಗಾಡಿ ಕಲ್ಲು ಇಳಿಸಿ ಬಂದೆ. ಮೂರನೆಯ ಗಾಡಿ ತರುವಷ್ಟರಲ್ಲಿ ಆ ಮರವನ್ನು ಕಡಿದು ಹಾಕಿದ್ದರು. ಬೇರೊಂದು ಗೊಬ್ಬಳಿ ಮರದ ಮುಂದೆ ಕಲ್ಲು ಇಳಿಸಿದೆ. ಅದು ಬೇರೆ ಯಾರದೋ ಸೈಟು.

ಆ ಸೈಟಿನವರು ಒಬ್ಬ ರಿಟೈರಾದ ಇಂಗ್ಲಿಷ್ ಮೇಷ್ಟ್ರು. ಬಸವನಗುಡಿಯಲ್ಲಿ ಬಾಡಿಗೆಗೆ ಇದ್ದು, ಇಲ್ಲಿ ಸ್ವಂತ ಮನೆ ಕಟ್ಟಿಸುತ್ತಿದ್ದರು. ದಿನವೂ ಕುರ್ಚಿ ಹಾಕಿಕೊಂಡು, ಕೊಡೆ ಬಿಚ್ಚಿಕೊಂಡು, ಗೋಡೆ ಏಳುವುದನ್ನು ನೋಡುತ್ತ ಕೂರುತ್ತಿದ್ದರು.

“ಏನಮ್ಮಾ, ನನಗೆ ಉಡುಗೊರೆಯೇ ಇದು?” ಎಂದರು.

“ಮರ ಕಡಿದವ್ನ ಕೇಳಿ,” ಎಂದೆ.

ಅವರು ನಕ್ಕರು. “ಇಲ್ಲಿ ಮರ ನಂಬಬೇಡ. ಇವತ್ತು ಇರುತ್ತೆ, ನಾಳೆ ಇರಲ್ಲ. ಲೆಫ್ಟು, ರೈಟು ಕಲಿ. ಎಷ್ಟನೇ ಕ್ರಾಸು ಅಂತ ಎಣಿಸು. ಅದನ್ನ ಯಾರೂ ಕಡಿಯಕ್ಕಾಗಲ್ಲ.”

ಇಳಿಸಿದ ಕಲ್ಲನ್ನೆಲ್ಲ ಮತ್ತೆ ನಾನೇ ಗಾಡಿಗೆ ತುಂಬಿದೆ. ಅವರು ಕುರ್ಚಿಯಿಂದ ಏಳಲಿಲ್ಲ, ಆದರೆ ತುಂಬುವಷ್ಟು ಹೊತ್ತೂ ಎಡಗೈ ಎತ್ತಿ ಒಂದು ಮಾತು, ಬಲಗೈ ಎತ್ತಿ ಒಂದು ಮಾತು ಹೇಳುತ್ತ ಇದ್ದರು. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯಿ, ಸುಮ್ಮನಿರಲು ಬರುತ್ತಿರಲಿಲ್ಲ. ಆಮೇಲೆ ಅವರ ಮನೆಗೂ ನಾನೇ ಸುಣ್ಣ, ಮರಳು ಹೊಡೆದೆ. ಎತ್ತು ನೀರು ಕುಡಿಯುವಷ್ಟು ಹೊತ್ತು ಪಾಠ. ನಾನು ಕೇಳಿದ್ದನ್ನಷ್ಟೇ ಹೇಳಿಕೊಡಬೇಕು ಎಂದು ಕರಾರು ಮಾಡಿದ್ದೆ. ಏ ಬಿ ಸಿ ನನಗೆ ಬೇಡ, ಗಾಡಿಗೆ ಸಂಬಂಧಪಟ್ಟ ಮಾತು ಮಾತ್ರ ಬೇಕು ಎಂದೆ. ಒಪ್ಪಿದರು.

“ಗಾಡಿ ಹೊಡೆಯೋದಕ್ಕೆ ಅವರು ಡ್ರೈವ್ ಅಂತಾರೆ,” ಎಂದರು ಒಂದು ದಿನ. “ದನ ಅಟ್ಟೋದಕ್ಕೂ ಅದೇ. ಗೋಡೆಗೆ ಮೊಳೆ ಹೊಡೆಯೋದಕ್ಕೂ ಅದೇ ಮಾತು. ವಿಚಿತ್ರ ಅಲ್ವೇ?”

“ಏನು ವಿಚಿತ್ರ? ನಾವೂ ಗಾಡಿ ಹೊಡೀತೀವಿ, ದನ ಹೊಡೀತೀವಿ, ಮೊಳೆ ಹೊಡೀತೀವಿ. ನಮ್ಮಿಂದಲೇ ಕಲಿತಿರ್ಬೇಕು.”

ಮೇಷ್ಟ್ರು ಕೊಡೆ ಮಡಿಸಿ, ಮತ್ತೆ ಬಿಚ್ಚಿ, “ನಲವತ್ತು ವರ್ಷದಲ್ಲಿ ನನಗೆ ಹೊಳೀಲಿಲ್ಲ ಇದು,” ಎಂದರು. ನನಗೆ ಹೊಳೆದದ್ದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಅವರು ಗಾಡಿ ಹೊಡೆದವರಲ್ಲ.

ಲೀಡು ಅಂದರೆ ಹಗ್ಗ ಹಿಡಿದು ಮುಂದೆ ನಡೆಯುವುದು, ದೊಡ್ಡ ಮನುಷ್ಯರು ಜನರನ್ನು ಕರೆದುಕೊಂಡು ಹೋಗುವುದಕ್ಕೂ ಅದೇ ಮಾತು ಎಂದರು. ಅದು ನನಗೆ ಸರಿ ಕಾಣಲಿಲ್ಲ. ಮುಂದೆ ನಡೆಯುವವನ ಬೆನ್ನು ಗಾಡಿಯ ಕಡೆ ಇರುತ್ತದೆ. ಹಿಂದೆ ಚಕ್ರ ಕಳಚಿ ಬಿದ್ದರೂ ಅವನಿಗೆ ಗೊತ್ತಾಗುವುದಿಲ್ಲ. ಗೈಡು ಅಂದರೆ ದಾರಿ ತೋರಿಸುವುದು. ಪರೀಕ್ಷೆಗೆ ಓದುವ ಹುಡುಗರು ಕೊಳ್ಳುವ ಪುಸ್ತಕಕ್ಕೂ ಗೈಡು ಎನ್ನುತ್ತಾರಂತೆ. ದಾರಿ ತೋರಿಸುವವನು ಜೊತೆಗೆ ಬರಬೇಕಾ ಎಂದು ಕೇಳಿದೆ. “ಬರಬಹುದು, ಬರದೆಯೂ ಇರಬಹುದು,” ಎಂದರು. ಅಲ್ಲಿಗೆ ಅದನ್ನೂ ಅಳೆದುಬಿಟ್ಟೆ. ಸಾರಕ್ಕಿಯಲ್ಲಿ ಅಂಥ ಗೈಡುಗಳು ಪ್ರತಿ ಜಗಲಿಯ ಮೇಲೂ ಇದ್ದರು. ರೈಡು ಅಂದರೆ ಮೇಲೆ ಕೂತು ಹೋಗುವುದು. ಅದಕ್ಕೆ ವಿವರಣೆ ಬೇಕಾಗಲಿಲ್ಲ, ನನ್ನ ಮೈದುನ ನೆನಪಾದ.

ಸ್ಟೀರು ಹೇಳುವಾಗ ಮೇಷ್ಟ್ರಿಗೆ ನಾಚಿಕೆ. ಹಡಗು, ಕಾರು ಬೇಕಾದ ಕಡೆಗೆ ತಿರುಗಿಸುವುದು ಎಂದು ಹೇಳಿ ನಿಲ್ಲಿಸಿದರು. ಇನ್ನೇನೋ ಉಳಿದಿದೆ ಎಂದು ಮುಖದಲ್ಲಿ ಕಂಡಿತು.

“ಇನ್ನೊಂದರ್ಥ ಇದೆ. ಅದು... ಬೇಡ ಬಿಡು.”

“ಹೇಳಿ ಮೇಷ್ಟ್ರೇ.”

“ಬೀಜ ಒಡೆಸಿದ ಹೋರಿಗೆ ಸ್ಟೀರ್ ಅಂತಾರೆ.”

ನಾನು ನಕ್ಕ ನಗುವಿಗೆ ಗಾರೆ ಕೆಲಸದವರು ಗೋಡೆಯ ಮೇಲಿಂದ ಬಗ್ಗಿ ನೋಡಿದರು. ನಮ್ಮ ಎತ್ತಿನ ಜೋಡಿಯೂ ಅದೇ ತಾನೇ. ಹಳ್ಳಿಕಾರ್ ಎತ್ತುಗಳು, ಬಿಳಿ ಮೈ, ಒಂದಕ್ಕೆ ಕೊಂಬು ಸ್ವಲ್ಪ ಒಳಗೆ. ಇಂಗ್ಲಿಷಿನವರು ನನ್ನ ಕೆಲಸಕ್ಕೂ ನನ್ನ ಎತ್ತಿಗೂ ಒಂದೇ ಹೆಸರಿಟ್ಟಿದ್ದಾರೆ ಎಂದು ಮನೆಗೆ ಹೋಗಿ ಗಂಡನಿಗೆ ಹೇಳಿದೆ. ಕಾಲು ಮುರಿದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಟ್ರಿಪ್ಪು ನನಗೆ ಆಗಲೇ ಗೊತ್ತಿತ್ತು, ಒಂದು ಸಲ ಮಾಲು ತುಂಬಿಕೊಂಡು ಹೋಗಿ ಇಳಿಸಿದರೆ ಒಂದು ಟ್ರಿಪ್ಪು. ಎಡವುವುದಕ್ಕೂ ಟ್ರಿಪ್ಪು ಎನ್ನುತ್ತಾರೆ ಎಂದರು ಮೇಷ್ಟ್ರು. ಜರ್ನಿ, ಟ್ರಾವೆಲ್ಲು, ಟೂರು ಅಂತ ಇನ್ನೂ ಮೂರು ಹೇಳಹೊರಟರು. ಇವರೆಲ್ಲ ಹೋಗುವಾಗ ಏನು ಹೊರುತ್ತಾರೆ ಎಂದು ಕೇಳಿದೆ. ಪೆಟ್ಟಿಗೆ, ಹಾಸಿಗೆ ಸುರುಳಿ ಎಂದರು. ಅಷ್ಟೇ ಆದರೆ ಅವು ನನಗೆ ಬೇಡ ಎಂದು ಎತ್ತು ಕಟ್ಟಿದೆ.

ಹೀಗೆ ಒಂದು ವರ್ಷ ನಡೆಯಿತು. ಮೈದುನ ತಿಂಗಳಿಗೊಮ್ಮೆ ಬಂದು ಹೊಸ್ತಿಲ ಮೇಲೆ ಕೂತು ಎದ್ದು ಹೋಗುತ್ತಿದ್ದ. ಆಮೇಲೆ ಒಂದು ದಿನ ಓಡಿಬಂದ, ಮುಖದಲ್ಲಿ ಗೆಲುವು. ಬಡಾವಣೆಯೊಳಗೆ ಮಾಲು ಹೊಡೆಯುವ ಗಾಡಿಗಳಿಗೆಲ್ಲ ಇನ್ನು ಮೇಲೆ ಹಿತ್ತಾಳೆ ಬಿಲ್ಲೆ ಬೇಕಂತೆ. ಬಿಲ್ಲೆ ಬೇಕಾದರೆ ಹೊಡೆಯುವವರು ಆಫೀಸರ ಮುಂದೆ ಗಾಡಿ ಹೊಡೆದು ತೋರಿಸಬೇಕಂತೆ. ಬಿಲ್ಲೆ ಇಲ್ಲದ ಗಾಡಿ ರಸ್ತೆಯಲ್ಲೇ ಹಿಂದಕ್ಕೆ.

“ಹೆಂಗಸ್ರಿಗೆ ಯಾವನ್ ಕೊಡ್ತಾನೆ ಬಿಲ್ಲೆ?” ಎಂದ. “ಅಣ್ಣಾ, ನೀನೇ ಹೇಳು. ನನ್ ಹೆಸ್ರಿಗೆ ಮಾಡ್ಸಾಣ. ಗಾಡಿ ನಮ್ಮನೆಗೆ ಬರ್ಲಿ.”

ಗಂಡ ನನ್ನ ಮುಖ ನೋಡಲಿಲ್ಲ. “ಅವ್ನ ಹೆಸ್ರಲ್ಲೇ ಆಗ್ಲಿ ಬಿಡು. ಬಿಲ್ಲೆ ಸಿಗ್ದಿದ್ರೆ ಎತ್ತಿಗೆ ಹುಲ್ಲು ಎಲ್ಲಿಂದ ತರಾಣ?” ಎಂದ.

“ಇಷ್ಟು ದಿನ ಯಾರು ತಂದ್ರು?” ಎಂದೆ.

ಮೈದುನ, “ನೋಡಾಣ ನಿನ್ ಇಂಗ್ಲಿಷು,” ಎಂದು ಟವೆಲ್ಲು ಕೊಡವಿಕೊಂಡು ಹೋದ.

ಪರೀಕ್ಷೆ ನಡೆದದ್ದು ಇನ್ನೂ ಮನೆ ಏಳದ ಒಂದು ಬಯಲಿನಲ್ಲಿ. ಸಾರಕ್ಕಿ, ಬನಶಂಕರಿ ಕಡೆಯ ಗಾಡಿಗಳೆಲ್ಲ ಸಾಲಾಗಿ ನಿಂತಿದ್ದವು. ಆಫೀಸರು ಹ್ಯಾಟು ಹಾಕಿಕೊಂಡು ಮೇಜಿನ ಹಿಂದೆ ಕೂತಿದ್ದ. ಬಾಯಿ ತೆಗೆದರೆ ಲೆಫ್ಟ್, ರೈಟ್. ಗಾಡಿಯವರಿಗೆ ಇಷ್ಟು ದಿನದಲ್ಲಿ ಅದು ಅಭ್ಯಾಸವಾಗಿತ್ತು. ಗಂಡಸರು ಹೋದಾಗ ಅವನು ಪೇಪರು ನೋಡುತ್ತಲೇ ಕೂಗುತ್ತಿದ್ದ, ನೋಡುತ್ತಲೇ ಬಿಲ್ಲೆಯ ಕಾಗದ ಬರೆಯುತ್ತಿದ್ದ. ನನ್ನ ಸರದಿ ಬಂದಾಗ ಪೇಪರು ಪಕ್ಕಕ್ಕಿಟ್ಟು ಕನ್ನಡಕ ಹಾಕಿಕೊಂಡ. ಮೈದುನ ಅವನ ಮೇಜಿನ ಪಕ್ಕಕ್ಕೇ ಹೋಗಿ ನಿಂತಿದ್ದ.

“ಗಂಡಸರು ಯಾರೂ ಇಲ್ವೇನಮ್ಮ ಮನೇಲಿ?”

“ಇದಾರೆ ಸಾರ್. ಗಾಡಿ ಹೊಡೆಯೋಳು ನಾನು.”

“ಹತ್ತು, ನೋಡೋಣ. ಸ್ಟ್ರೇಟ್!”

ಹೋದೆ. “ರೈಟ್!” ಎಂದ. ನಾನು ಬಲಗಡೆ ಎತ್ತಿನ ಹಗ್ಗ ಹಿಡಿದು, ಎಡಗಡೆ ಎತ್ತಿಗೆ ಬಾರುಕೋಲು ತಾಗಿಸಿದೆ. ಗಾಡಿ ಬಲಕ್ಕೆ ತಿರುಗಿತು.

“ಸ್ಟಾಪ್! ತಪ್ಪು,” ಎಂದು ಕಾಗದದ ಮೇಲೆ ಗೀಟು ಎಳೆದ. “ರೈಟ್ ಅಂದ್ರೆ ಎಡದ ಎತ್ತಿಗೆ ಯಾಕೆ ಹೊಡೆದೆ? ಬಲ ಯಾವುದು, ಎಡ ಯಾವುದು ಅಂತಾನೇ ಗೊತ್ತಿಲ್ಲ. ನೆಕ್ಸ್ಟ್!”

ಮೈದುನ ಹಲ್ಲು ಕಿರಿದ.

ಜೋಡಿ ಎತ್ತು ಕಟ್ಟಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಗಾಡಿ ಬಲಕ್ಕೆ ತಿರುಗಬೇಕಾದರೆ ಬಲದ ಎತ್ತು ನಿಧಾನವಾಗಬೇಕು, ಎಡದ್ದು ಸುತ್ತು ಹಾಕಿಕೊಂಡು ಬೇಗ ಬರಬೇಕು. ಹಾಗಾಗಿ ಚುರುಕು ಮುಟ್ಟಿಸುವುದು ಎಡದ್ದಕ್ಕೆ. ಅಲ್ಲಿದ್ದ ಗಂಡಸರೆಲ್ಲ ಅದನ್ನೇ ಮಾಡಿದ್ದರು. ಆಫೀಸರು ಅವರ ಕೋಲು ನೋಡಿರಲಿಲ್ಲ. ನನ್ನ ಕೋಲು ನೋಡಿದ, ಚಕ್ರ ನೋಡಲಿಲ್ಲ.

ನಾನು ಗಾಡಿ ತೆಗೆಯಲಿಲ್ಲ. ಹಿಂದಿನವರು ಕೂಗಿದರು, ನಾನು ಅಲ್ಲೇ ನಿಂತೆ.

“ಸಾರ್, ಗಾಡಿ ಎತ್ತಾಗ್ ತಿರುಗ್ತು ಹೇಳಿ.”

“ನಾನು ಹೇಳಿದ ಕಡೆ ಹೊಡೀಬೇಕು.”

“ನೀವು ಹೇಳಿದ ಕಡೆ ಹೊಡೆದ್ರೆ ನಿಮ್ ಮೇಜಿನ ಮೇಲೆ ಬರುತ್ತೆ. ಬನ್ನಿ, ನೀವೇ ಹತ್ತಿ. ಹೊಡ್ದು ತೋರ್ಸಿ.”

ಸಾಲಿನಲ್ಲಿ ಯಾರೋ, “ಹತ್ತಿ ಸಾರ್, ನಾವೂ ಕಲೀತೀವಿ,” ಎಂದ. ಅಷ್ಟು ಜನರ ಮುಂದೆ ಅವನಿಗೆ ಹಿಂದೆ ಸರಿಯಲು ಆಗಲಿಲ್ಲ. ಹ್ಯಾಟು ತೆಗೆದಿಟ್ಟು ಮೂಕಿ ಹತ್ತಿದ. ಕೋಲು ಕೊಟ್ಟೆ. ತನಗೆ ತಾನೇ “ರೈಟ್” ಎಂದುಕೊಂಡು ಬಲದ ಎತ್ತಿಗೆ ಒಂದು ಬಿಗಿದ. ಎತ್ತು ತನಗೆ ಗೊತ್ತಿದ್ದದ್ದನ್ನು ಮಾಡಿತು. ಗಾಡಿ ಎಡಕ್ಕೆ ತಿರುಗಿ ಇಟ್ಟಿಗೆಯ ರಾಶಿಯ ಕಡೆ ಹೊರಟಿತು. ಅವನು ಮತ್ತೂ ಬಲದ್ದಕ್ಕೆ ಹೊಡೆದ, ಗಾಡಿ ಮತ್ತೂ ಎಡಕ್ಕೆ ಹೋಯಿತು. ನಾನು ಮುಂದೆ ಓಡಿ ಮೂಗುದಾರ ಹಿಡಿದು ನಿಲ್ಲಿಸಿದೆ. ಇಟ್ಟಿಗೆಗೂ ಗಾಡಿಗೂ ಒಂದು ಗೇಣು ಇತ್ತು.

ಅವನು ಇಳಿದು ಪ್ಯಾಂಟು ಕೊಡವಿಕೊಂಡ. ಯಾರೂ ಜೋರಾಗಿ ನಗಲಿಲ್ಲ, ಎಲ್ಲರಿಗೂ ಬಿಲ್ಲೆ ಬೇಕಾಗಿತ್ತು. ಮೇಜಿನ ಹತ್ತಿರ ಹೋಗಿ ಕೂತು, ಎಳೆದ ಗೀಟನ್ನು ನೋಡುತ್ತ, “ಆಯ್ತು. ಹೊಡೀತೀಯ. ಆದ್ರೆ ಹೆಂಗಸು ಒಬ್ಳೇ ಬೇಡ. ಇವನು ನಿನ್ನ ಮೈದುನ ಅಂತೆ, ಇವನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೋಗು,” ಎಂದ.

“ಇವ್ನು ಕೂತ್ರೆ ಎರಡು ಮೂಟೆ ಸುಣ್ಣ ಕಮ್ಮಿ ಹಿಡಿಯುತ್ತೆ ಸಾರ್. ಸುಣ್ಣ ಆದ್ರೆ ಗೋಡೆ ಕಟ್ಟಕ್ಕಾಗುತ್ತೆ. ಇವನ್ನ ತಗೊಂಡು ಏನ್ ಕಟ್ಟಾಣ?”

ಈಗ ನಕ್ಕರು. ಆಫೀಸರ ತುಟಿಯೂ ಅಲುಗಿತು, ಆದರೆ ತಡೆದುಕೊಂಡ. ಕಾಗದದಲ್ಲಿ ಏನೋ ಬರೆದು, ಶಾಯಿಯ ಡಬ್ಬಿ ನನ್ನ ಕಡೆ ತಳ್ಳಿ ಹೆಬ್ಬೆಟ್ಟು ಒತ್ತು ಎಂದ. ನಾನು ಕೈ ಹಿಂದಕ್ಕಿಟ್ಟುಕೊಂಡೆ.

“ಏನ್ ಬರೆದ್ರಿ, ಓದಿ.”

“ಓದಿದ್ರೆ ನಿನಗೆ ತಿಳಿಯುತ್ತಾ? ಅಟೆಂಡೆಂಟ್.”

“ಅದು ನನ್ ಮಾತಲ್ಲ. ನನಗೆ ಬರೋ ಇಂಗ್ಲಿಷಲ್ಲಿ ಅದಿಲ್ಲ. ಏನಂಗಂದ್ರೆ?”

“ಗಾಡಿ ಜೊತೆಗಿರೋರು.”

“ಗಾಡಿ ಜೊತೆಗೆ ನೊಣಾನೂ ಇರುತ್ತೆ ಸಾರ್. ಮುಂದೆ ಹೋದವರಿಗೆಲ್ಲ ಏನ್ ಬರೆದ್ರಿ? ಡ್ರೈವರ್ ಅಂತ ತಾನೇ? ನನಗೂ ಡ್ರೈವರ್ ಅಂತಾನೇ ಬರೀರಿ. ಒತ್ತುತೀನಿ.”

ಹಟಕ್ಕಲ್ಲ ನಾನು ಹಾಗೆ ಅಂದದ್ದು. ಜೊತೆಗಿರುವವಳು ಎಂದು ಕಾಗದದಲ್ಲಿ ನಿಂತುಬಿಟ್ಟರೆ ಹೊಡೆಯುವವನು ಇನ್ನೊಬ್ಬ ಎಂದು ಆಗುತ್ತದೆ. ಆ ಇನ್ನೊಬ್ಬ ಮೇಜಿನ ಪಕ್ಕದಲ್ಲೇ ನಿಂತಿದ್ದ. ಬಿಸಿಲು ಏರುತ್ತಿತ್ತು, ಸಾಲು ಬೆಳೆದಿತ್ತು, ಹಿಂದಿನ ಎತ್ತುಗಳು ಸಗಣಿ ಹಾಕುತ್ತಿದ್ದವು. ಆಫೀಸರು ನನ್ನನ್ನು ಒಂದು ಸಲ, ಸಾಲನ್ನು ಒಂದು ಸಲ ನೋಡಿ, ಬರೆದದ್ದನ್ನು ಹೊಡೆದುಹಾಕಿ ಮೇಲೆ ಬೇರೆ ಬರೆದ. ಜೋರಾಗಿ ಓದಿಯೂ ಹೇಳಿದ. ಒತ್ತಿದೆ. ಬಿಲ್ಲೆ ಕೊಟ್ಟ.

ಮನೆಗೆ ಬಂದು ಗಂಡನ ಕೈಗೆ ಬಿಲ್ಲೆ ಕೊಟ್ಟೆ. ಅವನು ಅದನ್ನು ಪಂಚೆಯಲ್ಲಿ ಒರೆಸಿ, ಕುಂಟುತ್ತ ಹೋಗಿ ಗಾಡಿಗೆ ಬಿಗಿದ.

ಅಷ್ಟಕ್ಕೇ ಮುಗಿಯಿತು ಅಂದುಕೊಂಡೆ. ಮಾರನೆಯ ಬೆಳಿಗ್ಗೆ ಮುದ್ದೆಗೆ ಹಿಟ್ಟು ತೊಳಸಿಟ್ಟು ಹೊರಗೆ ಬಂದರೆ ಎತ್ತು ಕಟ್ಟಿದ ಗಾಡಿ ಬೀದಿಯಲ್ಲಿದೆ, ಮೂಕಿಯ ಮೇಲೆ ಮೈದುನ ಕೂತಿದ್ದಾನೆ. ತಲೆಗೆ ಟವೆಲ್ಲು ಸುತ್ತಿದ್ದಾನೆ, ಕೈಯಲ್ಲಿ ನನ್ನ ಬಾರುಕೋಲು.

“ಬಿಲ್ಲೆ ಗಾಡಿಗೆ ಕೊಟ್ಟಿರೋದು ಅತ್ತಿಗೆ, ನಿನಗಲ್ಲ. ಯಾರ್ ಹೊಡೆದ್ರೂ ನಡೀತದೆ. ನೀನು ಆಟ ಆಡಿದ್ದಾಯ್ತು, ಒಳಗೆ ಹೋಗು.”

ಬೀದಿಯ ಜನ ಆಗಲೇ ಬಾಗಿಲಿಗೆ ಬಂದಿದ್ದರು. ನಾನು ಎಡದ ಎತ್ತಿನ ಕೊರಳ ಕಣ್ಣಿ ಬಿಚ್ಚಿದೆ, ಬಲದ್ದರ ಕಣ್ಣಿ ಬಿಚ್ಚಿದೆ. ನೊಗ ಎತ್ತಿ ಎತ್ತುಗಳನ್ನು ಹೊರಗೆ ಬಿಟ್ಟು, ನೊಗವನ್ನು ನೆಲಕ್ಕೆ ಬಿಟ್ಟೆ. ಎರಡು ಚಕ್ರದ ಗಾಡಿ, ಮುಂದೆ ಕೂತವನ ಭಾರಕ್ಕೆ ಮೂಕಿ ದಡಕ್ಕೆಂದು ಕೆಳಗೆ ಹೋಯಿತು. ಅವನು ಜಾರಿ ನೊಗದ ಮೇಲೆ ಬಂದು ಕೂತ. ಬಿಲ್ಲೆ ಗಾಡಿಗೆ ಅಂದನಲ್ಲ, ಗಾಡಿ ಅಲ್ಲೇ ಇತ್ತು. ನಾನು ಎತ್ತುಗಳನ್ನು ಮುಂದೆ ಹೊಡೆದುಕೊಂಡು ಕೆರೆಗೆ ಹೋದೆ.

“ಅತ್ತಿಗೆ, ಮಾನ ಕಳೀತೀಯಾ?” ಎಂದು ಹಿಂದಿನಿಂದ ಕೂಗಿದ. ಮತ್ತೆ ಹತ್ತಿ ಕೂತದ್ದು ಮರದ ಸದ್ದಿನಿಂದ ತಿಳಿಯಿತು.

ಎತ್ತುಗಳಿಗೆ ನೀರು ಕುಡಿಸಿ ಮೈ ತೊಳೆದೆ. ಏರಿಯ ಮೇಲೆ ಮೇಯಲು ಬಿಟ್ಟು ಕೂತೆ. ಅವತ್ತು ಎರಡು ಟ್ರಿಪ್ಪು ಹಾಳಾಗುತ್ತದೆ ಎಂದು ಗೊತ್ತಿತ್ತು. ಆಗಲಿ ಅಂದುಕೊಂಡೆ. ಎತ್ತುಗಳನ್ನು ಕರೆದುಕೊಂಡು ನೇರ ತವರಿಗೆ ಹೋಗಿಬಿಡಲೇ ಎಂದೂ ಯೋಚಿಸಿದೆ. ಸುಳ್ಳು ಯಾಕೆ ಹೇಳಲಿ, ಭಯವೂ ಆಗಿತ್ತು. ಗಂಡ ಇವತ್ತು ತಮ್ಮನ ಕಡೆ ನಿಂತರೆ ಬಿಲ್ಲೆ ಇದ್ದೂ ಪ್ರಯೋಜನ ಇರಲಿಲ್ಲ.

ಹೊತ್ತು ನೆತ್ತಿಗೆ ಬರುವಾಗ ವಾಪಸು ಬಂದೆ. ಮೈದುನ ಇನ್ನೂ ಓರೆ ಮೂಕಿಯ ಮೇಲೆ ಕಾಲು ಊರಿಕೊಂಡು ಕೂತಿದ್ದ, ಟವೆಲ್ಲು ಬಿಚ್ಚಿ ಬೆವರು ಒರೆಸಿಕೊಳ್ಳುತ್ತಿದ್ದ. ಅವನ ಹೆಂಡತಿ ಎರಡು ಸಲ ಊಟಕ್ಕೆ ಕರೆದು ಹೋಗಿದ್ದಳಂತೆ. ನಾನು ಎತ್ತುಗಳ ಜೊತೆ ಬೀದಿಯ ಮಧ್ಯದಲ್ಲಿ ನಿಂತೆ. ಆಗ ನನ್ನ ಗಂಡ ಕೋಲು ಊರಿಕೊಂಡು ಮನೆಯೊಳಗಿಂದ ಬಂದ. ತಮ್ಮನ ಮುಂದೆ ನಿಂತು ಕೈ ಚಾಚಿದ.

“ಬಾರುಕೋಲು ಕೊಡು. ಇಳಿ ಕೆಳಕ್ಕೆ. ಬಿಸ್ಲಾಯ್ತು, ಅವ್ಳು ಮಾಲಿಗೆ ಹೋಗ್ಬೇಕು.”

“ನೀನೂ ಹೆಂಡ್ತಿ ಮಾತು ಕೇಳೋನಾದಾ ಅಣ್ಣಾ?”

“ಅವ್ಳು ನನಗೇನೂ ಹೇಳಿಲ್ಲ. ಇಳಿ.”

ಅವನು ಇಳಿದ. ಕೋಲನ್ನು ಅಣ್ಣನ ಕೈಗೆ ಕೊಡದೆ ನೆಲಕ್ಕೆ ಎಸೆದು ಹೋದ. ನಾನೇ ಬಗ್ಗಿ ತೆಗೆದುಕೊಂಡೆ. ಗಂಡ ಒಂದು ಕಡೆ, ನಾನು ಒಂದು ಕಡೆ ಹಿಡಿದು ನೊಗ ಎತ್ತಿದೆವು. ಆ ಬೀದಿಯಲ್ಲಿ ಗಂಡ ಹೆಂಡತಿ ಹಾಗೆ ಒಟ್ಟಿಗೆ ನೊಗ ಹಿಡಿದದ್ದನ್ನು ಯಾರೂ ನೋಡಿರಲಿಲ್ಲ, ಕಣ್ತುಂಬ ನೋಡಿಕೊಂಡರು. ಅವತ್ತು ಎರಡೇ ಟ್ರಿಪ್ಪು ಸುಣ್ಣ ಹೊಡೆಯುವುದಕ್ಕಾಯಿತು. ಮಾರನೆಯ ದಿನ ಬೇಗ ಎದ್ದು ನಾಲ್ಕು ಹೊಡೆದೆ.